ನೌಕೆಯಲ್ಲಿ ಹಲ್ಲುಜ್ಜುವ ಇಬ್ಬರು

2017ರ ಅಕ್ಟೋಬರ್ ತಿಂಗಳ ಒಂದು ರಾತ್ರಿ. ಪುಣೆಯ ವಾಕಡ್‌ನಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ನಾನು ಧಾರವಾಡದವನು. ಜೊತೆಗಿದ್ದ ಗೆಳೆಯನೂ ನಮ್ಮ ಕಡೆಯವನೇ. ಅವನ ಹೆಸರು, ಊರು ಬರೆಯುವುದಿಲ್ಲ. ಆ ಷರತ್ತಿನ ಮೇಲೆಯೇ ಅವನು ಈ ಲೇಖನಕ್ಕೆ ಒಪ್ಪಿದ್ದು. ಇಬ್ಬರೂ ಒಂದೇ ಕಂಪನಿಯಲ್ಲಿ ಕೋಡ್ ಬರೆಯುತ್ತಿದ್ದೆವು. ರಾತ್ರಿ ಮೆಸ್ಸಿನ ಭಾಕರಿಗೆ ಊರಿಂದ ತಂದ ಶೇಂಗಾ ಚಟ್ನಿ. ಊಟವಾದ ಮೇಲೆ ನೆಟ್‌ಫ್ಲಿಕ್ಸ್‌ನಲ್ಲಿ ವಾರಕ್ಕೊಂದು ಕಂತಿನಂತೆ ಬರುತ್ತಿದ್ದ ‘ಸ್ಟಾರ್ ಟ್ರೆಕ್: ಡಿಸ್ಕವರಿ’.

ಆ ವಾರದ ಕಂತಿನ ಕೊನೆಗೆ ಒಂದು ಸಣ್ಣ ದೃಶ್ಯ. ನೌಕೆಯ ವಿಜ್ಞಾನಿ ಸ್ಟಾಮೆಟ್ಸ್, ಡಾಕ್ಟರ್ ಕಲ್ಬರ್ ಇಬ್ಬರೂ ರಾತ್ರಿಯ ಉಡುಪಿನಲ್ಲಿ ಕನ್ನಡಿಯ ಮುಂದೆ ನಿಂತು ಹಲ್ಲುಜ್ಜುತ್ತಿದ್ದಾರೆ. ಅಂದು ಜೀವಕ್ಕೇ ಅಪಾಯವಾಗುವಂಥ ಪ್ರಯೋಗವನ್ನು ತನ್ನ ಮೇಲೆಯೇ ಮಾಡಿಕೊಂಡ ಸ್ಟಾಮೆಟ್ಸ್‌ನನ್ನು ಡಾಕ್ಟರ್ ವಿಚಾರಿಸಿಕೊಳ್ಳುತ್ತಾನೆ. ಸಿಟ್ಟು, ಕಾಳಜಿ ಎರಡೂ ಬೆರೆತ ಮಾತು, ಗಂಡ ಹೆಂಡತಿ ದಿನದ ಕೊನೆಗೆ ಆಡುವಂಥದ್ದೇ. ಅವರಿಬ್ಬರು ಸಂಗಾತಿಗಳು ಎಂದು ನೋಡುಗರಿಗೆ ತಿಳಿಯುವುದು ಹೀಗೆ. ಭಾಷಣವಿಲ್ಲ, ಹಿನ್ನೆಲೆಯಲ್ಲಿ ಪಿಟೀಲೂ ಇಲ್ಲ.

ಗೆಳೆಯ ಲ್ಯಾಪ್‌ಟಾಪ್ ಮುಚ್ಚದೆ ಕೇಳಿದ: “ನಿನಗೇನ ಅನಸ್ತು?”

“ಅನಸೂದೇನೈತಿ? ಹಲ್ಲ ತಿಕ್ಕಾಕತ್ತಾರ,” ಎಂದೆ.

ಅವನು ನಕ್ಕ. ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೋದ. ಅದು ನನಗೆ ಕೊಟ್ಟ ಪರೀಕ್ಷೆಯಾಗಿತ್ತು ಎಂದು ತಿಳಿಯಲು ನನಗೆ ಸುಮಾರು ಒಂದು ವರ್ಷ ಬೇಕಾಯಿತು.

ಐವತ್ತೊಂದು ವರ್ಷದ ದಾರಿ

‘ಸ್ಟಾರ್ ಟ್ರೆಕ್’ ನೋಡದವರಿಗಾಗಿ ಎರಡು ಮಾತು. ಜೀನ್ ರಾಡನ್‌ಬೆರಿ ಎಂಬಾತ ರೂಪಿಸಿದ ಈ ಅಮೆರಿಕನ್ ಸರಣಿ ಶುರುವಾದದ್ದು 1966ರಲ್ಲಿ. ಮುಂದಿನ ಶತಮಾನಗಳಲ್ಲಿ ಮನುಷ್ಯರು ಜಗಳ, ಹಸಿವು, ಜನಾಂಗದ್ವೇಷ ದಾಟಿ ನಕ್ಷತ್ರಗಳ ನಡುವೆ ತಿರುಗುವ ಕಥೆ. ಆ ಕಾಲಕ್ಕೆ ಅದರ ನಟರ ಆಯ್ಕೆಯೇ ದೊಡ್ಡ ಸುದ್ದಿ. ಕಪ್ಪು ಮಹಿಳೆ ನಿಶೆಲ್ ನಿಕೋಲ್ಸ್ ನೌಕೆಯ ಅಧಿಕಾರಿ ಉಹುರಾ. ಜಪಾನಿ ಮೂಲದ ಜಾರ್ಜ್ ಟಕೇ ನೌಕೆ ನಡೆಸುವ ಸುಲು. ಎರಡನೆಯ ಮಹಾಯುದ್ಧದಲ್ಲಿ ಜಪಾನಿ ಮೂಲದವರೆಂಬ ಕಾರಣಕ್ಕೆ ಅಮೆರಿಕ ಸರ್ಕಾರವೇ ಟಕೇ ಅವರ ಕುಟುಂಬವನ್ನು ಶಿಬಿರದಲ್ಲಿ ಕೂಡಿಹಾಕಿತ್ತು. ಆ ಹುಡುಗ ಬೆಳೆದು ಅದೇ ದೇಶದ ಟಿ.ವಿ.ಯಲ್ಲಿ ನೌಕೆಯ ಚುಕ್ಕಾಣಿ ಹಿಡಿದ.

ಆದರೆ ಟಕೇ ಒಂದು ಸಂಗತಿಯನ್ನು ಬಚ್ಚಿಟ್ಟುಕೊಂಡೇ ನೌಕೆ ನಡೆಸುತ್ತಿದ್ದರು. ಅವರು ಸಲಿಂಗಿ. ಅದನ್ನು ಬಹಿರಂಗವಾಗಿ ಹೇಳಿದ್ದು 2005ರಲ್ಲಿ, ಅರವತ್ತೆಂಟನೆಯ ವಯಸ್ಸಿಗೆ. ಸಲಿಂಗಿಗಳ ವಿಷಯವನ್ನೂ ಕಥೆಯಲ್ಲಿ ತರಬಹುದಲ್ಲ ಎಂದು ಅರವತ್ತರ ದಶಕದಲ್ಲೇ ರಾಡನ್‌ಬೆರಿ ಮುಂದೆ ಮಾತು ತೆಗೆದಿದ್ದಾಗಿಯೂ, ಹಾಗೆ ಮಾಡಿದರೆ ಸರಣಿಯೇ ನಿಂತೀತೆಂದು ಆತ ಹಿಂಜರಿದಿದ್ದಾಗಿಯೂ ಟಕೇ ಹೇಳಿಕೊಂಡಿದ್ದಾರೆ.

ನಂತರದ ಕಥೆ ಇನ್ನೂ ವಿಚಿತ್ರ. 1987ರಲ್ಲಿ ‘ನೆಕ್ಸ್ಟ್ ಜನರೇಷನ್’ ಎಂಬ ಹೊಸ ಸರಣಿ ಬಂತು. ಅದಕ್ಕೆ ಡೇವಿಡ್ ಜೆರಾಲ್ಡ್ ಎಂಬ ಹಳೆಯ ಲೇಖಕ ಬರೆದ ಚಿತ್ರಕಥೆಯೊಂದರಲ್ಲಿ ಸಲಿಂಗಿ ಜೋಡಿ ಇತ್ತು. ಏಡ್ಸ್ ಭೀತಿಯ ನೆರಳೂ ಇತ್ತು. ಅದು ಚಿತ್ರೀಕರಣವಾಗಲೇ ಇಲ್ಲ. 1992ರಲ್ಲಿ ‘ದಿ ಔಟ್‌ಕಾಸ್ಟ್’ ಎಂಬ ಕಂತು. ಗಂಡು, ಹೆಣ್ಣು ಎಂಬ ಭೇದವೇ ಇರಬಾರದೆಂಬ ಒಂದು ಗ್ರಹ. ಅಲ್ಲಿನ ಸೋರೆನ್ ತಾನು ಹೆಣ್ಣೆಂದು ಒಳಗೊಳಗೇ ಅಂದುಕೊಂಡಿದ್ದಾಳೆ, ನೌಕೆಯ ರೈಕರ್‌ನನ್ನು ಪ್ರೀತಿಸುತ್ತಾಳೆ. ಅಲ್ಲಿ ಅದೇ ಅಪರಾಧ. ವಿಚಾರಣೆ ನಡೆಸಿ, ‘ಚಿಕಿತ್ಸೆ’ ಕೊಟ್ಟು, ಅವಳನ್ನು ‘ಸರಿ’ ಮಾಡುತ್ತಾರೆ. ನಿಜವಾಗಿ ಯಾರ ಕಥೆ ಹೇಳುತ್ತಿದ್ದಾರೆಂದು ಎಲ್ಲರಿಗೂ ಗೊತ್ತು. ಆದರೆ ಸೋರೆನ್ ಪಾತ್ರಕ್ಕೆ ನಟಿಯನ್ನೇ ಆರಿಸಿದ್ದರಿಂದ ಪರದೆಯ ಮೇಲೆ ಕಂಡದ್ದು ಒಬ್ಬ ಗಂಡಸು ಒಬ್ಬ ಹೆಂಗಸಿಗೆ ಕೊಟ್ಟ ಮುತ್ತು ಅಷ್ಟೇ. ಆ ಪಾತ್ರವನ್ನು ಗಂಡಸು ಮಾಡಬೇಕಿತ್ತು ಎಂದು ರೈಕರ್ ಪಾತ್ರಧಾರಿ ಜೋನಾಥನ್ ಫ್ರೇಕ್ಸ್ ಆಮೇಲೆ ಹೇಳಿದರು.

1995ರಲ್ಲಿ ‘ಡೀಪ್ ಸ್ಪೇಸ್ ನೈನ್’ ಸರಣಿಯಲ್ಲಿ ಇಬ್ಬರು ಹೆಂಗಸರು ಮುತ್ತಿಟ್ಟರು. ಅದಕ್ಕೂ ಒಂದು ನೆಪ ಬೇಕಾಯಿತು: ಹಿಂದಿನ ಜನ್ಮದಂಥ ಹಿಂದಿನ ದೇಹದಲ್ಲಿ ಅವರು ಗಂಡ ಹೆಂಡತಿಯಾಗಿದ್ದರಂತೆ. ಪುನರ್ಜನ್ಮದ ಸಿನಿಮಾ ನೋಡಿ ಬೆಳೆದ ನಮಗೆ ಈ ಉಪಾಯ ಹೊಸದಲ್ಲ.

ಹೀಗೆ, ಹೆಸರಿಟ್ಟು ಹೇಳದೆ, ಗ್ರಹದ ನೆಪ, ಜನ್ಮದ ನೆಪ ಹೇಳುತ್ತ ಬಂದ ಸರಣಿಯಲ್ಲಿ ಇಬ್ಬರು ಗಂಡಸರು ಸಂಗಾತಿಗಳಾಗಿ ಸುಮ್ಮನೆ ಹಲ್ಲುಜ್ಜುವುದಕ್ಕೆ 51 ವರ್ಷ ಹಿಡಿಯಿತು. ಬೆಳಕಿನ ವೇಗವನ್ನು ಮೊದಲ ಕಂತಿನಲ್ಲೇ ದಾಟಿದ್ದರು.

ಸ್ಕಿಟ್ ಬರೆದವನು ನಾನು

2018ರ ಜನವರಿಯಲ್ಲಿ ಆ ಡಾಕ್ಟರ್ ಕಲ್ಬರ್ ಕೊಲೆಯಾದ, ಕತ್ತು ಮುರಿದು. ನಾನು ಬೆಚ್ಚಿಬಿದ್ದೆ. ಗೆಳೆಯ ಬೆಚ್ಚಲಿಲ್ಲ. “ಇಷ್ಟ ದಿನ ಇಟ್ಟಿದ್ದ ಹೆಚ್ಚು,” ಎಂದ. ಸಲಿಂಗಿ ಪಾತ್ರ ತಂದು, ಪ್ರೀತಿ ತೋರಿಸಿ, ಆಮೇಲೆ ಸಾಯಿಸುವುದು ಅಮೆರಿಕದ ಟಿ.ವಿ.ಯ ಹಳೆಯ ಚಾಳಿ. ಅದರ ಬಗ್ಗೆ ಅಲ್ಲಿನ ನೋಡುಗರೂ ಸಾಕಷ್ಟು ಸಿಟ್ಟಾಗಿದ್ದರು. ಮುಂದಿನ ಸೀಸನ್‌ನಲ್ಲಿ ಕಲ್ಬರ್ ಬದುಕಿ ಬಂದ, ಆ ಮಾತು ಬೇರೆ.

ಅದೇ ವರ್ಷ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ನೆಯ ಕಲಮಿನ ತೀರ್ಪು ಕೊಟ್ಟಿತು. ಒಪ್ಪಿಗೆಯುಳ್ಳ ವಯಸ್ಕರ ನಡುವಿನ ಸಂಬಂಧ ಅಪರಾಧವಲ್ಲ ಎಂದಿತು. ಬ್ರಿಟಿಷರು 1860ರಲ್ಲಿ ಬರೆದಿಟ್ಟ ಕಾನೂನು ಅದು. ದೆಹಲಿ ಹೈಕೋರ್ಟ್ 2009ರಲ್ಲಿ ತೆರೆದ ಬಾಗಿಲನ್ನು 2013ರಲ್ಲಿ ಸುಪ್ರೀಂ ಕೋರ್ಟೇ ಮುಚ್ಚಿತ್ತು. ಈಗ ಅದೇ ತೆರೆದಿತ್ತು. ಸಂಜೆ ಆಫೀಸಿನಿಂದ ಬಂದ ಮೇಲೆ ಗೆಳೆಯ ಹೇಳಿದ. ಎರಡೇ ವಾಕ್ಯ. ನಾನು ಅವನ ಹೆಗಲ ಮೇಲೆ ಕೈ ಇಟ್ಟೆ. ಏನು ಹೇಳಬೇಕೆಂದು ತಿಳಿಯದೆ, “ಮೊದಲ ಯಾಕ ಹೇಳಲಿಲ್ಲೋ?” ಎಂದೆ.

ಅವನು ತಡಮಾಡದೆ ಉತ್ತರಿಸಿದ: “ಆ ಸ್ಕಿಟ್ ನೆನಪೈತೇನ?”

ನೆನಪಿತ್ತು. 2016ರಲ್ಲಿ ಕಂಪನಿಯ ವಾರ್ಷಿಕೋತ್ಸವಕ್ಕೆ ಹತ್ತು ನಿಮಿಷದ ಪ್ರಹಸನ ಬರೆದವನು ನಾನು. ಸಹೋದ್ಯೋಗಿಯೊಬ್ಬ ಸೀರೆಯುಟ್ಟು, ಸೊಂಟ ತಿರುಗಿಸಿ, ಚಪ್ಪಾಳೆ ತಟ್ಟುತ್ತ ಮ್ಯಾನೇಜರನ ಹಿಂದೆ ಬೀಳುವ ‘ಕಾಮಿಡಿ’. ಇಡೀ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಮೈಕು, ಸ್ಪೀಕರ್ ನೋಡಿಕೊಂಡವನು ನನ್ನ ಗೆಳೆಯ. ಎಲ್ಲೆಲ್ಲಿ ನಗು ಬಂತೆಂದು ಅವನಿಗೆ ಇನ್ನೂ ನೆನಪಿತ್ತು. ನನಗೆ ಬಹುಮಾನ ಬಂದದ್ದಷ್ಟೇ ನೆನಪಿತ್ತು.

ಅಂದಿನಿಂದ ‘ಯಾವ ಪಾತ್ರವನ್ನು ಯಾರು ಮಾಡುತ್ತಾರೆ’ ಎಂಬ ಪ್ರಶ್ನೆ ನನಗೆ ಬರೀ ಟಿ.ವಿ. ಪ್ರಶ್ನೆಯಾಗಿ ಉಳಿದಿಲ್ಲ. ಡಿಸ್ಕವರಿಯಲ್ಲಿ ಸ್ಟಾಮೆಟ್ಸ್ ಆದ ಆಂಟನಿ ರ‍್ಯಾಪ್, ಕಲ್ಬರ್ ಆದ ವಿಲ್ಸನ್ ಕ್ರೂಜ್ ಇಬ್ಬರೂ ನಿಜ ಬದುಕಿನಲ್ಲಿ ತಮ್ಮ ಗುರುತನ್ನು ಮುಚ್ಚಿಡದವರು. 2020ರಲ್ಲಿ ಅದೇ ಸರಣಿಗೆ ಗಂಡು-ಹೆಣ್ಣು ಎಂಬ ಎರಡರಲ್ಲೂ ತಮ್ಮನ್ನು ಗುರುತಿಸಿಕೊಳ್ಳದ ಅಡೀರಾ, ಟ್ರಾನ್ಸ್ ಹುಡುಗ ಗ್ರೇ ಬಂದರು. ಆ ಪಾತ್ರಗಳಿಗೂ ಅಂಥದೇ ಬದುಕಿನ ಬ್ಲೂ ಡೆಲ್ ಬ್ಯಾರಿಯೊ, ಇಯಾನ್ ಅಲೆಕ್ಸಾಂಡರ್ ಅವರನ್ನೇ ಆರಿಸಿದರು. ಅಡೀರಾ ತನ್ನನ್ನು ‘ಅವಳು’ ಎನ್ನಬೇಡಿ, ‘ದೇ’ ಎನ್ನಿ ಎಂದು ಸ್ಟಾಮೆಟ್ಸ್‌ಗೆ ಹೇಳುವ ದೃಶ್ಯವಿದೆ. ಇಂಗ್ಲಿಷಿನಲ್ಲಿ ಇದಕ್ಕೆ ಎಷ್ಟೊಂದು ಜಗಳ. ಕನ್ನಡದಲ್ಲಿ ‘ಅವರು ಬಂದರು’ ಎಂದರೆ ಮುಗಿಯಿತು. ಗೌರವ ಕೊಟ್ಟಂತೆಯೂ ಆಯಿತು, ಗಂಡೋ ಹೆಣ್ಣೋ ಎಂದು ಕೇಳುವ ಗೋಜೂ ತಪ್ಪಿತು.

ನಮ್ಮಲ್ಲೂ ಈ ಪ್ರಶ್ನೆ ಇದೆ. ಬಿ.ಎಸ್. ಲಿಂಗದೇವರು ಅವರ ‘ನಾನು ಅವನಲ್ಲ... ಅವಳು’ ಚಿತ್ರದಲ್ಲಿ ಸಂಚಾರಿ ವಿಜಯ್ ಅಭಿನಯ ಕಂಡು ನಾನು ಅತ್ತಿದ್ದೇನೆ. ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ನ್ಯಾಯವೇ. ಆದರೆ ಅದು ಲಿವಿಂಗ್ ಸ್ಮೈಲ್ ವಿದ್ಯಾ ಎಂಬ ಟ್ರಾನ್ಸ್ ಮಹಿಳೆಯ ಆತ್ಮಕಥೆ ಆಧರಿಸಿದ ಚಿತ್ರ; ಆ ವಿದ್ಯಾ ಸ್ವತಃ ರಂಗನಟಿ. ವಿಜಯ್ ಅವರ ಪ್ರತಿಭೆಯನ್ನು ಒಂದಿಷ್ಟೂ ಕಡಿಮೆ ಮಾಡದೆ ಈ ಮಾತು ಕೇಳಬಹುದು: ಅಂಥ ಕಲಾವಿದೆಯರಿಗೆ ಅವರದೇ ಕಥೆಯಲ್ಲಿ, ಅಥವಾ ವಕೀಲೆಯೋ ಅತ್ತೆಯೋ ಆಗಿ ಬೇರೆಯವರ ಕಥೆಯಲ್ಲಿ, ಎಷ್ಟು ಪಾತ್ರ ಸಿಗುತ್ತವೆ?

ಲಖನೌದಿಂದ ಬಂದವರು

ಇನ್ನೊಂದು ದೀರ್ಘ ಸರಣಿಯ ಕಥೆ ಕೇಳಿ. ಬಿಬಿಸಿಯ ‘ಡಾಕ್ಟರ್ ಹೂ’ ಶುರುವಾದದ್ದು 1963ರ ನವೆಂಬರ್ 23ರಂದು. ಅದರ ಮೊಟ್ಟಮೊದಲ ಕಂತನ್ನು ನಿರ್ದೇಶಿಸಿದವರು ವಾರಿಸ್ ಹುಸೇನ್, ಲಖನೌದಲ್ಲಿ ಹುಟ್ಟಿದವರು, ಲೇಖಕಿ ಅತಿಯಾ ಹುಸೇನ್ ಅವರ ಮಗ. ಆಗ ಅವರಿಗೆ ಇನ್ನೂ 24. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್, ಗಂಡಸರೇ ತುಂಬಿದ್ದ ಆ ವಿಭಾಗದಲ್ಲಿ ಒಬ್ಬ ಯುವತಿ. ವಾರಿಸ್ ಸಲಿಂಗಿ. ಇಂಗ್ಲೆಂಡಿನಲ್ಲಿ ಆ ಸಂಬಂಧ ಅಪರಾಧವಲ್ಲ ಎಂದಾದದ್ದು 1967ರಲ್ಲಿ. ಅಂದರೆ, ಇಂದು ‘ಈಚೆಗೆ ಎಲ್ಲರನ್ನೂ ತುರುಕಿ ಹಾಳುಮಾಡಿದರು’ ಎಂದು ಕೆಲವು ಅಭಿಮಾನಿಗಳು ಗೊಣಗುವ ಈ ಸರಣಿಯ ತಳಪಾಯ ಹಾಕಿದವರಲ್ಲೇ ಒಬ್ಬರು ಭಾರತದಲ್ಲಿ ಹುಟ್ಟಿದ, ಕಾನೂನಿನ ಕಣ್ಣಿಗೆ ಅಪರಾಧಿಯಾಗಿದ್ದ ಹುಡುಗ. ಕ್ಯಾಮೆರಾದ ಮುಂದೆ ಜಾಗವಿರಲಿಲ್ಲ, ಹಿಂದೆ ಇದ್ದರು.

ಡಾಕ್ಟರ್ ಹೂ ಸರಣಿಗೆ ಒಂದು ಅನುಕೂಲವಿದೆ. 1966ರಲ್ಲಿ ಮೊದಲ ನಾಯಕ ವಿಲಿಯಂ ಹಾರ್ಟ್‌ನೆಲ್ ಅನಾರೋಗ್ಯದಿಂದ ಬಿಡಬೇಕಾದಾಗ, ಡಾಕ್ಟರ್ ಸಾಯುವ ಬದಲು ಹೊಸ ದೇಹ ಪಡೆಯುತ್ತಾನೆ ಎಂದು ಬರೆದರು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಇಂಟರ್‌ಫೇಸ್ ಅದೇ, ಒಳಗಿನ ಕೋಡ್ ಬೇರೆ. ಯಾರು ಬೇಕಾದರೂ ಡಾಕ್ಟರ್ ಆಗಬಹುದಿತ್ತು. ಆದರೂ ಹೆಂಗಸೊಬ್ಬಳು, ಜೋಡಿ ವಿಟ್ಟಕರ್, ನಾಯಕಿಯಾಗಿ ಸರಣಿ ನಡೆಸಿದ್ದು 2018ರಲ್ಲಿ. ರುವಾಂಡಾದಲ್ಲಿ ಹುಟ್ಟಿದ ಶುಟಿ ಗಟ್ವಾ ಡಾಕ್ಟರ್ ಆದದ್ದು 2023ರಲ್ಲಿ. ಅದೇ ವರ್ಷ ಟ್ರಾನ್ಸ್ ನಟಿ ಯಾಸ್ಮಿನ್ ಫಿನ್ನಿ ಒಂದು ಮುಖ್ಯ ಪಾತ್ರದಲ್ಲಿ ಬಂದರು. ನಿಯಮ ಅಡ್ಡಿಯಾಗದಿದ್ದರೂ ಅಭ್ಯಾಸ ಎಷ್ಟು ಕಾಲ ಅಡ್ಡ ನಿಲ್ಲುತ್ತದೆ ನೋಡಿ. 2005ರಲ್ಲಿ ಸರಣಿಗೆ ಮರುಜೀವ ಕೊಟ್ಟ ರಸೆಲ್ ಟಿ. ಡೇವಿಸ್ ಸ್ವತಃ ಸಲಿಂಗಿ. ಆ ಮರುಜನ್ಮದ ಮೊದಲ ಸೀಸನ್‌ನಲ್ಲೇ ಗಂಡು ಹೆಣ್ಣು ಇಬ್ಬರನ್ನೂ ಮೋಹಿಸುವ ಕ್ಯಾಪ್ಟನ್ ಜ್ಯಾಕ್ ಬಂದ. ಬರೆಯುವ ಕುರ್ಚಿಯಲ್ಲಿ ಯಾರಿದ್ದಾರೆ ಎಂಬುದಕ್ಕೂ ಪರದೆಯ ಮೇಲೆ ಯಾರು ಕಾಣುತ್ತಾರೆ ಎಂಬುದಕ್ಕೂ ಸಂಬಂಧವಿದೆ.

ಗೊಣಗುವವರ ಮಾತಿನಲ್ಲಿ ಒಂದು ಭಾಗವನ್ನು ನಾನು ಒಪ್ಪುತ್ತೇನೆ. ಕೆಲವು ಕಂತುಗಳಲ್ಲಿ ಕಥೆ ನಿಂತು ಉಪದೇಶ ಶುರುವಾಗುತ್ತದೆ. ಡಿಸ್ಕವರಿಯ ಮೊದಲ ಸೀಸನ್‌ನಲ್ಲಿ ಕಲ್ಬರ್‌ಗೆ ಸ್ಟಾಮೆಟ್ಸ್‌ನ ಸಂಗಾತಿ ಎಂಬುದನ್ನು ಬಿಟ್ಟು ಸ್ವಂತ ಕಥೆಯೇ ಕಡಿಮೆ. ನಟರನ್ನು ಆರಿಸಿದ ಮಾತ್ರಕ್ಕೆ ಪಾತ್ರ ಬರೆದಂತಾಗುವುದಿಲ್ಲ. ಆದರೆ ಕೆಟ್ಟದಾಗಿ ಬರೆದ ಸಾವಿರ ಗಂಡು-ಹೆಣ್ಣಿನ ಪ್ರೇಮಕಥೆಗಳನ್ನು ನಾವು ಬರೀ ‘ಕೆಟ್ಟ ಕಥೆ’ ಎಂದು ಮರೆಯುತ್ತೇವೆ. ಇವರ ಕಥೆ ಒಂದು ಕೆಟ್ಟರೆ ಮಾತ್ರ ‘ಇವರು ಯಾಕೆ ಬೇಕಿತ್ತು’ ಎನ್ನುತ್ತೇವೆ.

ಎರಡು ಬ್ರಷ್

ಗೆಳೆಯ ಈಗ ಪುಣೆಯಲ್ಲೇ ತನ್ನ ಸಂಗಾತಿಯ ಜೊತೆಗಿದ್ದಾನೆ. ಮನೆ ಮಾಲೀಕರಿಗೆ ‘ಕಸಿನ್’ ಎಂದು ಹೇಳಿದ್ದಾನೆ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಇಂಥವರ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ, ಅದು ಸಂಸತ್ತಿನ ಕೆಲಸ ಎಂದಿತು. ಅಂದು ಅವನಿಗೆ ಫೋನ್ ಮಾಡಿದೆ. “ಊಟಕ್ಕ ಬಾ,” ಎಂದನೇ ಹೊರತು ಬೇರೇನೂ ಹೇಳಲಿಲ್ಲ.

ಹೋದೆ. ಕೈ ತೊಳೆಯಲು ಬಾತ್‌ರೂಮಿಗೆ ಹೋದಾಗ ಕನ್ನಡಿಯ ಕೆಳಗೆ ಒಂದು ಸ್ಟೀಲ್ ಲೋಟ, ಅದರಲ್ಲಿ ಎರಡು ಬ್ರಷ್. ಅವನ ಅವ್ವ ಊರಿಂದ ಬಂದಾಗಲೆಲ್ಲ ಅದರಲ್ಲಿ ಒಂದು ಬ್ರಷ್ ಮತ್ತು ಅದರ ಒಡೆಯ ಇಬ್ಬರೂ ಹತ್ತು ದಿನ ಬೇರೆ ಕಡೆ ಇರುತ್ತಾರೆ ಎಂದು ನನಗೆ ಗೊತ್ತು. ಒಮ್ಮೆ ಆ ಹತ್ತು ದಿನ ನನ್ನ ಮನೆಯಲ್ಲೇ ಇದ್ದರು.

ಈ ಲೇಖನದ ಕರಡು ಕಳಿಸಿದಾಗ ಅವನು ಫೋನ್ ಮಾಡಿದ. ಸ್ಟಾರ್ ಟ್ರೆಕ್‌ನ ಇಸವಿಗಳನ್ನು ಎರಡು ಕಡೆ ತಿದ್ದಿಸಿದ. ಸ್ಕಿಟ್ಟಿನ ವಿಷಯ ತೆಗೆಯಲೇನು ಎಂದು ಕೇಳಿದೆ.

“ಇರಲಿ, ತೆಗೀಬ್ಯಾಡ,” ಎಂದ. ಸ್ವಲ್ಪ ಸುಮ್ಮನಿದ್ದು ಮುಂದುವರಿಸಿದ: “ದೀಪಾವಳಿಗೆ ಅವ್ವ ಬರಾಕತ್ತಾಳ. ಈ ಸಲ ಬ್ರಷ್ ಅಲ್ಲೇ ಬಿಡ್ಬೇಕಂತ ಮಾಡೇವಿ. ಕೇಳಿದರ ಹೇಳ್ತೀನಿ.”

“ಕೇಳದಿದ್ದರ?”

“ನಿನ್ನಂಗ, ಹಲ್ಲ ತಿಕ್ಕಾಕತ್ತಾರ ಅಂದ್ಕೊಂಡು ಸುಮ್ನಾದ್ರ ಅದೂ ಛಲೋನ.”