ಕಾರಿನ ಮೂಗಿಗೂ ತಂಪು ಗಾಳಿ ಬೇಕು

ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಅರ್ಧ ಗಂಟೆ ನಿಂತು ಹೊರಟಾಗ ಕಾರು ಯಾಕೋ ಮಂಕಾಗಿದೆ ಅನ್ನಿಸಿದೆಯಾ? ಭ್ರಮೆ ಅಲ್ಲ. ಕಾರು ನಿಂತಾಗ ಬಾನೆಟ್ ಒಳಗಿನ ಬಿಸಿ ಹೊರಗೆ ಹೋಗದೆ ಇನ್‌ಟೇಕ್ ಪೈಪು, ಫಿಲ್ಟರ್ ಬಾಕ್ಸ್‌ಗೆಲ್ಲ ಹತ್ತುತ್ತದೆ. ಇದೇ ‘ಹೀಟ್ ಸೋಕ್’.

ಬಿಸಿ ಗಾಳಿ ತೆಳು. 30 ಡಿಗ್ರಿಯ ಗಾಳಿ 60 ಡಿಗ್ರಿಗೆ ಏರಿದರೆ ಅಷ್ಟೇ ಜಾಗದಲ್ಲಿ ಸಿಗುವ ಆಮ್ಲಜನಕ ಸುಮಾರು ಶೇ. 9ರಷ್ಟು ಕಡಿಮೆ. ಪಿಕಪ್ ಇಳಿಯುತ್ತದೆ.

ನಾನು ಒಬಿಡಿ ಸ್ಕ್ಯಾನರ್ ಸಿಕ್ಕಿಸಿ ಫೋನಿನಲ್ಲೇ ನೋಡಿದೆ. ಓಡುವಾಗ 38 ಡಿಗ್ರಿ ಇದ್ದ ಇನ್‌ಟೇಕ್ ಗಾಳಿ ಜಾಮ್‌ನಲ್ಲಿ 59 ಆಯ್ತು. ಮತ್ತೆ ಓಡಿದ ಮೇಲೆ ನಾಲ್ಕೈದು ನಿಮಿಷದಲ್ಲಿ ಇಳೀತು.

ಪರಿಹಾರ ಕೇಳಿದರೆ ಆಕ್ಸೆಸರಿ ಅಂಗಡಿಯಲ್ಲಿ ಹೊಳೆಯುವ ಅಲ್ಯೂಮಿನಿಯಂ ಪೈಪು, ಓಪನ್ ಫಿಲ್ಟರ್ ತೋರಿಸ್ತಾರೆ. ಸದ್ದೇನೋ ಜೋರು. ಆದರೆ ಎಂಜಿನ್ ಪಕ್ಕ ಬಯಲಲ್ಲಿ ಕೂತ ಫಿಲ್ಟರ್ ಎಳೆಯೋದು ಬಿಸಿ ಗಾಳಿಯನ್ನೇ! ಪ್ಲಾಸ್ಟಿಕ್‌ಗಿಂತ ಅಲ್ಯೂಮಿನಿಯಂ ಬಿಸಿಯನ್ನು ಬೇಗ ಒಳಗೆ ಬಿಡುತ್ತದೆ.

ದುಡ್ಡು ಸುರಿಯುವ ಮುಂಚೆ ಇಷ್ಟು ನೋಡಿ:

• ಗ್ರಿಲ್ ಕಡೆಯಿಂದ ಗಾಳಿ ತರುವ ಕೊಳವೆ ಕಳಚಿದೆಯಾ?
• ಫಿಲ್ಟರ್ ಬಾಕ್ಸ್‌ನ ಕ್ಲಿಪ್, ಬಾನೆಟ್ ಅಂಚಿನ ರಬ್ಬರ್ ಸರಿಯಿದೆಯಾ?
• ಓಪನ್ ಫಿಲ್ಟರ್ ಈಗಾಗಲೇ ಇದ್ದರೆ, ಎಂಜಿನ್ ಕಡೆಗೆ ಹೀಟ್ ಶೀಲ್ಡ್ ಹಾಕಿಸಿ, ಹೊರಗಿನ ಗಾಳಿಗೆ ದಾರಿ ಕೊಡಿಸಿ. ತೀರಾ ಕೆಳಗೆ ಮಾತ್ರ ಬೇಡ. ರಸ್ತೆಯ ಮಳೆನೀರು ಒಳಗೆ ಹೋದರೆ ಎಂಜಿನ್ನೇ ಹೋದೀತು.

ಕೊನೆಯದಾಗಿ, ಶಿರಾಡಿ ಘಾಟಿಯ ಜಾಮ್ ಬಿಟ್ಟ ಕೂಡಲೇ ಮುಂದಿನ ಲಾರಿ ಹಿಂದಿಕ್ಕುವ ಅವಸರ ಬೇಡ. ನೀವು ನಂಬಿದ ಪಿಕಪ್ ಆ ಹೊತ್ತಿಗೆ ಇರಲಿಕ್ಕಿಲ್ಲ. ಕಾರು ನಾಲ್ಕು ನಿಮಿಷ ಉಸಿರಾಡಲಿ.