ಸಾಯಲೆಂದೇ ಬಿತ್ತುವ ಸಾಲು

ಕಲಬುರಗಿಯ ಆಳಂದ ರಸ್ತೆಯಲ್ಲಿರುವ ಕೃಷಿ ಸಂಶೋಧನಾ ಕೇಂದ್ರದವರು ಒಂದು ಹೊಲದಲ್ಲಿ ಬೇಕೆಂದೇ ರೋಗ ಬೆಳೆಸುತ್ತಾರೆ. ನೆಟೆ ರೋಗ ಬಿದ್ದು ಒಣಗಿದ ತೊಗರಿ ಕಟ್ಟಿಗೆಯನ್ನು ರೈತ ಕಿತ್ತು ಸುಡುತ್ತಾನೆ. ಇಲ್ಲಿ ಅದನ್ನು ಅದೇ ಮಣ್ಣಿಗೆ ಸೇರಿಸುತ್ತಾರೆ. ವರ್ಷ ವರ್ಷವೂ ತೊಗರಿಯ ಮೇಲೆ ತೊಗರಿ ಬಿತ್ತಿ, ಫ್ಯುಸೇರಿಯಂ ಶಿಲೀಂಧ್ರ ನೆಲದ ತುಂಬ ಹಬ್ಬುವಂತೆ ನೋಡಿಕೊಳ್ಳುತ್ತಾರೆ. ಆಮೇಲೆ ಪರೀಕ್ಷೆಗೆ ಬಂದ ಹೊಸ ತಳಿಗಳ ನಡುನಡುವೆ, ರೋಗ ತಾಳಲಾರದ ತಳಿಯ ಸಾಲೊಂದನ್ನು ಬಿತ್ತುತ್ತಾರೆ. ಆ ಸಾಲು ಸಾಯಬೇಕು. ಸಾಯದಿದ್ದರೆ ಆ ವರ್ಷದ ದುಡಿಮೆ ದಂಡ.

ಯಾಕೆಂದರೆ ಎರಡೂ ಸಾಲು ಹಸಿರಾಗಿ ನಿಂತರೆ ಈ ಸಲ ರೋಗವೇ ಬರಲಿಲ್ಲ ಎಂದಷ್ಟೇ ಗೊತ್ತಾಗುತ್ತದೆ. ಪಕ್ಕದ್ದು ಒಣಗಿ, ಹೊಸದು ಕಾಯಿ ಹಿಡಿದು ನಿಂತಾಗಲೇ ತಳಿಯ ಗುಣ ತಿಳಿಯುವುದು. ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಆಯ್ದು ಕೊಟ್ಟು, 1980ರ ದಶಕದಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾದ 'ಮಾರುತಿ' ತಳಿಯಾಗಲಿ, ಆಮೇಲೆ ಇಲ್ಲೇ ರೂಪುಗೊಂಡ ಟಿಎಸ್-3ಆರ್ ಆಗಲಿ ರೈತರ ಹೊಲಕ್ಕೆ ಬಂದದ್ದು ಇಂಥ ಸಾಲುಗಳ ಪಕ್ಕದಲ್ಲಿ ನಿಂತು ಗೆದ್ದ ಮೇಲೆ.

ಇದೇ ರಸ್ತೆಯಲ್ಲಿ ಮುಂದೆ ಹೋದರೆ ಆಳಂದ ತಾಲೂಕಿನ ಕಡಗಂಚಿ. 2009ರಲ್ಲಿ ಹುಟ್ಟಿದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಅಲ್ಲಿ. ಅಲ್ಲಿಯೇ ಏನು, ರಾಜ್ಯದ ಯಾವ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋದರೂ ಪಿಎಚ್‌.ಡಿ ಪ್ರಬಂಧಗಳ ಬೆನ್ನ ಮೇಲೆ ಒಂದು ಬಗೆಯ ಶೀರ್ಷಿಕೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ಇಂಥ ಯೋಜನೆಯ 'ಪರಿಣಾಮ: ಒಂದು ಅಧ್ಯಯನ'. ಪರಿಣಾಮ ಎಂದ ಕೂಡಲೇ ಕೇಳಬೇಕಾದ ಪ್ರಶ್ನೆ ಒಂದೇ. ಪಕ್ಕದಲ್ಲಿ ಬಿತ್ತಿದ ಸಾಲು ಯಾವುದು?

ಆ ಸಾಲನ್ನು ಎಲ್ಲಿ ಬಿತ್ತಬೇಕು ಎಂಬುದೂ ಸಣ್ಣ ಮಾತಲ್ಲ. ಜೇವರ್ಗಿಯ ಎರೆ ಹೊಲ ನೋಡಲು ಒಂದೇ ಸಮ. ಆದರೆ ಒಡ್ಡಿನ ಬದಿಗೆ ಮಣ್ಣು ಆಳ, ತೇವ ಹೆಚ್ಚು. ಮೇಲಿನ ತುದಿಗೆ ಗರಸು. ಹೊಸ ತಳಿಯನ್ನು ಒಡ್ಡಿನ ಬದಿಗೆ, ಹಳೆಯದನ್ನು ಗರಸಿಗೆ ಹಾಕಿದರೆ ಗೆಲ್ಲುವುದು ತಳಿಯಲ್ಲ, ಒಡ್ಡು. 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರ ಸೇರಿದ ಆರ್.ಎ. ಫಿಶರ್ ಇದಕ್ಕೆ ಮದ್ದು ಕಂಡುಕೊಂಡರು. ಹೊಲವನ್ನು ಪಟ್ಟಿಗಳಾಗಿ, ಪಟ್ಟಿಯನ್ನು ಮಡಿಗಳಾಗಿ ಸೀಳಿ, ಯಾವ ಮಡಿಗೆ ಯಾವ ತಳಿ ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡುವುದು. ಪ್ರತಿ ಪಟ್ಟಿಯಲ್ಲೂ ಅದನ್ನೇ ಹೊಸದಾಗಿ ಮಾಡುವುದು. ಚೀಟಿಗೆ ಒಡ್ಡೂ ಗೊತ್ತಿಲ್ಲ, ಸಂಶೋಧಕನ ಆಸೆಯೂ ಗೊತ್ತಿಲ್ಲ. 1935ರ ತಮ್ಮ ಪುಸ್ತಕದಲ್ಲಿ ಫಿಶರ್ ಈ ವಿದ್ಯೆಯನ್ನು ಶಾಸ್ತ್ರವಾಗಿ ಕಟ್ಟಿಕೊಟ್ಟರು.

ಮಡಿಯ ಜಾಗದಲ್ಲಿ ಮನುಷ್ಯರಿದ್ದರೆ? ನಮ್ಮ ರಾಜ್ಯದಲ್ಲೇ ಇದಕ್ಕೊಂದು ದೊಡ್ಡ ಉದಾಹರಣೆಯಿದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ, ಜಿಲ್ಲೆಯ ಹಳ್ಳಿಗಳ 1,620 ಬಾಣಂತಿಯರ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಹೆರಿಗೆಯಾದ ಕೂಡಲೇ ಅರ್ಧದಷ್ಟು ಮಂದಿಗೆ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ಅದೇ ರೂಪದ ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂಬುದು ಕೊಡುವ ದಾದಿಗೂ (ಎಎನ್‌ಎಂ) ಗೊತ್ತಿರಲಿಲ್ಲ. ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಬರಿ ಮಾತ್ರೆ ನುಂಗಿದ ತಾಯಂದಿರೇ ಇಲ್ಲಿ ಪಕ್ಕದ ಸಾಲು. ತೊಗರಿಯನ್ನು ಸಾಯಲು ಬಿಡಬಹುದು, ತಾಯಿಯನ್ನು ಬಿಡಲಾದೀತೇ? ಇದ್ದ ಔಷಧವನ್ನು ಕಿತ್ತುಕೊಂಡು ಪ್ರಯೋಗ ಮಾಡುವಂತಿಲ್ಲ. ಆ ಹಳ್ಳಿಗಳ ಹೆರಿಗೆಗಳಲ್ಲಿ ಆಗ ರಕ್ತಸ್ರಾವ ತಡೆಯುವ ಔಷಧ ಕೊಡುವ ರೂಢಿಯೇ ಇರಲಿಲ್ಲ. ರಕ್ತಸ್ರಾವ ಕಂಡರೆ ಆಸ್ಪತ್ರೆಗೆ ಸಾಗಿಸುವ ಏರ್ಪಾಡು ಎರಡೂ ಗುಂಪಿಗಿತ್ತು. ಇಂಥ ಅಧ್ಯಯನ ಓದುವಾಗ ಶೇಕಡಾವಾರಿನ ಜೊತೆಗೆ ಇದನ್ನೂ ನೋಡಬೇಕು.

ಚೀಟಿ ಎತ್ತಲಾಗದ ಪ್ರಶ್ನೆಗಳೇ ಲೋಕದಲ್ಲಿ ಹೆಚ್ಚು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನಿಟ್ಟು, ರಾಜ್ಯದ ಸರಾಸರಿಯನ್ನು 1 ಎಂದು ಹಿಡಿದು, 175 ತಾಲೂಕುಗಳು ಎಷ್ಟು ಹಿಂದುಳಿದಿವೆ ಎಂದು ತೂಗಿತು. 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ 39ರಲ್ಲಿದ್ದವು. ಎಲ್ಲಿ ಎಷ್ಟು ಕೊರತೆ ಎಂದು ಹೇಳಲು ಈ ವಿನ್ಯಾಸ ಸರಿ. ಆದರೆ ತಾಲೂಕಿನ ಅಂಕಿಯನ್ನು ಮನೆಯ ಅಂಕಿ ಎಂದು ಓದಿದರೆ ಎಡವುತ್ತೇವೆ. ಅದೇ ಅಫಜಲಪುರದಲ್ಲಿ ಭೀಮೆಯ ದಂಡೆಗೆ ಕಬ್ಬು ಬೆಳೆಯುವವನೂ ಇದ್ದಾನೆ, ಮಳೆ ನಂಬಿ ಎರಡೆಕರೆ ಬಿತ್ತುವವನೂ ಇದ್ದಾನೆ.

ಇನ್ನು ಸಂವಿಧಾನದ 371ಜೆ ವಿಧಿ. 2012ರ 98ನೇ ತಿದ್ದುಪಡಿಯಿಂದ ಬಂದು 2013ರಲ್ಲಿ ಜಾರಿಯಾದ ಇದು ಕಲಬುರಗಿ ಸೇರಿದ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟುಗಳನ್ನು ಇಲ್ಲಿಯ ಮಕ್ಕಳಿಗೆ ಕಾದಿಟ್ಟಿತು. 'ಆಗ ಇಷ್ಟು ಮಂದಿ ಡಾಕ್ಟರಾಗುತ್ತಿದ್ದರು, ಈಗ ಇಷ್ಟು' ಎಂದರೆ ಪರಿಣಾಮ ತಿಳಿದಂತಾಯಿತೇ? ಈ ನಡುವೆ ಕಾಲೇಜು, ರಸ್ತೆ, ಮೊಬೈಲು ಎಲ್ಲ ಕಡೆಗೂ ಬಂದವು. ಪಕ್ಕದ ಸಾಲು ಬೇಕಾದರೆ ಅಫಜಲಪುರದ ಹೊಳೆ ದಂಡೆಗೆ ಹೋಗಿ ನಿಲ್ಲಬೇಕು. ಆಚೆ ದಡ ವಿಜಯಪುರ ಜಿಲ್ಲೆ. ಅದೇ ಭೀಮೆ, ಅದೇ ಎರೆ, ಅದೇ ರೊಟ್ಟಿ, ಹೆಚ್ಚುಕಡಿಮೆ ಅದೇ ಮಾತು. 371ಜೆ ಮಾತ್ರ ಹೊಳೆ ದಾಟುವುದಿಲ್ಲ.

ಹಾಗೆಂದು ಇವತ್ತಿನ ಎರಡು ದಡಗಳನ್ನು ಹೋಲಿಸಿ ಕೈ ತೊಳೆಯುವಂತಿಲ್ಲ. 1948ರವರೆಗೆ ಈಚೆ ದಡ ನಿಜಾಮರದು, ಆಚೆ ದಡ ಮುಂಬೈ ಪ್ರಾಂತ್ಯದ್ದು. ಓಟ ಶುರುವಾದ ಗೆರೆಯೇ ಬೇರೆ. ಹಾಗಾಗಿ ಯಾರು ಎಲ್ಲಿದ್ದಾರೆ ಎನ್ನುವುದಕ್ಕಿಂತ, 2013ಕ್ಕೆ ಮೊದಲು ಮತ್ತು ಆಮೇಲೆ ಯಾವ ದಡ ಎಷ್ಟು ಸರಿದಿದೆ ಎಂದು ಅಳೆದು, ಎರಡು ಸರಿತಗಳ ಅಂತರ ತೆಗೆಯಬೇಕು. ನಡುವೆ ಒಂದೇ ದಡಕ್ಕೆ ಕಾಲುವೆ ನೀರು ಬಂದರೆ ಆ ಲೆಕ್ಕವೂ ಕೆಡುತ್ತದೆ. ಅದನ್ನು ಪ್ರಬಂಧದಲ್ಲಿ ಮೊದಲೇ ಒಪ್ಪಿಕೊಂಡವರನ್ನು ನಾನು ಹೆಚ್ಚು ನಂಬುತ್ತೇನೆ.

ಕೆಲವು ಸಲ ಪರಿಣಾಮದಿಂದ ಕಾರಣದ ಕಡೆಗೆ ಹಿಂದಕ್ಕೆ ನಡೆಯಬೇಕಾಗುತ್ತದೆ. 2022ರ ಹಂಗಾಮಿನಲ್ಲಿ ಜಿಲ್ಲೆಯ ತೊಗರಿಗೆ ನೆಟೆ ಹೊಡೆದಾಗ ಕಾರಣದ ಬಗ್ಗೆ ಕಟ್ಟೆಗೊಂದು ಮಾತು: ಅತಿ ಮಳೆ, ಹಳೆ ಬೀಜ, ಜೋಳ ಬಿಟ್ಟು ತೊಗರಿಯನ್ನೇ ಹಿಡಿದದ್ದು. ಆಗ ಒಣಗಿದ ಹೊಲಗಳಷ್ಟೇ ಉಳಿದ ಹೊಲಗಳನ್ನೂ ಆಯ್ದು, ಎರಡೂ ಬಗೆಯ ಹೊಲಗಳ ರೈತರಿಗೆ ಹಿಂದಿನ ಬೆಳೆಗಳ ಬಗ್ಗೆ ಒಂದೇ ಪ್ರಶ್ನೆ ಕೇಳುವ ದಾರಿಯಿದೆ. ಕಡಿಮೆ ಖರ್ಚು, ಬೇಗ ಉತ್ತರ. ತೊಡಕು ನೆನಪಿನದು. ಬೆಳೆ ಕಳೆದುಕೊಂಡವನು ಬಿತ್ತಿದ ದಿನದಿಂದ ಎಲ್ಲವನ್ನೂ ನೆನೆದಿರುತ್ತಾನೆ. ರಾಶಿ ಮಾಡಿದವನು ಮರೆತಿರುತ್ತಾನೆ. ಒಣಗಿದ ಹೊಲಗಳಿಗೆ ಮಾತ್ರ ಹೋಗಿ ಬಂದ ವರದಿಯಂತೂ ಕಟ್ಟೆಯ ಮಾತಿಗಿಂತ ಮೇಲಲ್ಲ.

ಕಡೆಯದಾಗಿ ಬೀಗದ ಮಾತು. ಪರೀಕ್ಷೆ ಮುಗಿಸಿ, ಬಿಸಿಲು ಏರುವ ಹೊತ್ತಿಗೆ ಪ್ರಶ್ನಾವಳಿ ಹಿಡಿದು ಆಳಂದ ಕಡೆಯ ತಾಂಡಾಕ್ಕೋ ಊರಿಗೋ ಹೋದವರಿಗೆಲ್ಲ ಗೊತ್ತು: ಪಟ್ಟಿಯಲ್ಲಿರುವ ಮನೆಗೆ ಬೀಗ. ಕಟ್ಟೆ ಮೇಲೆ ಕೂತ ಮುದುಕಿ ತಲೆ ಎತ್ತದೆ ಹೇಳುತ್ತಾಳೆ, 'ಪುಣಾಕ ದುಡೀಲಾಕ ಹೋಗ್ಯಾರ್ರೀ.' ಪ್ರಶ್ನಾವಳಿ ಹಿಡಿದ ಹುಡುಗ ಪಕ್ಕದ ತೆರೆದ ಬಾಗಿಲಿಗೆ ಹೋಗುತ್ತಾನೆ, ಸಂಖ್ಯೆ ತುಂಬಿಸುತ್ತಾನೆ. ಊರು ಬಿಡಬೇಕಾದಷ್ಟು ಬಡವರು ಹೀಗೆ ಬಡತನದ ಅಧ್ಯಯನದಿಂದಲೇ ಜಾರಿಹೋಗುತ್ತಾರೆ. ಪ್ರಬಂಧದಲ್ಲಿ '200 ಮನೆ' ಎಂದಿದ್ದರೆ ಬೀಗ ಹಾಕಿದ್ದವು ಎಷ್ಟು ಎಂದೂ ಬರೆದಿದೆಯೇ ನೋಡಿ. ಸಾರಾಂಶ ಆಮೇಲೆ ಓದಿದರೂ ನಡೆದೀತು.

ಗೈಡ್ ಹೇಳದಿದ್ದರೂ ಆ ಮುದುಕಿ ಹೇಳಿರುತ್ತಾಳೆ, ಹುಡುಗ ಕಿವಿಗೆ ಹಾಕಿಕೊಂಡಿರುವುದಿಲ್ಲ ಅಷ್ಟೆ: 'ಮಿರಗದ ಮಳಿಗಿ ಬರ್ರಿ, ಎಲ್ಲಾರೂ ಸಿಗ್ತಾರ.'