ಸರೋವರದ ದಡ ಮತ್ತು ಒಡೆತನ: ಬರ್ಲಿಂಗ್ಟನ್ ಪಟ್ಟಣದ ನಿದರ್ಶನ

ಕೈಗಾರಿಕೆ ತೊರೆದ ದಡಕ್ಕೆ ಪ್ರವಾಸಿಗರು ತಾವಾಗಿಯೇ ಬರುತ್ತಾರೆಂಬ ಗ್ರಹಿಕೆ ಸಾಮಾನ್ಯವಾದುದು. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ, ಶಾಂಪ್ಲೇನ್ ಸರೋವರದ ಪೂರ್ವ ದಂಡೆಯ ಮೇಲಿರುವ ಬರ್ಲಿಂಗ್ಟನ್ ಪಟ್ಟಣದ ಚರಿತ್ರೆ ಇದನ್ನು ಸಮರ್ಥಿಸುವುದಿಲ್ಲ. ಅಲ್ಲಿ ಕೈಗಾರಿಕೆಗೂ ಪ್ರವಾಸೋದ್ಯಮಕ್ಕೂ ನಡುವೆ ಒಡೆತನದ ಪ್ರಶ್ನೆಯೊಂದು ಇತ್ಯರ್ಥವಾಗಬೇಕಾಯಿತು.

1823ರಲ್ಲಿ ಶಾಂಪ್ಲೇನ್ ಕಾಲುವೆ ಈ ಸರೋವರವನ್ನು ಹಡ್ಸನ್ ನದಿಗೆ ಜೋಡಿಸಿತು. 1849ರಲ್ಲಿ ರೈಲು ಬಂದಿತು. ಕೆನಡಾದ ಮರಮುಟ್ಟು ಜಲಮಾರ್ಗವಾಗಿ ಬಂದು, ಇಲ್ಲಿ ಹದಗೊಂಡು, ಪೂರ್ವದ ನಗರಗಳಿಗೆ ಹೋಗುತ್ತಿತ್ತು. 1870ರ ದಶಕದ ಹೊತ್ತಿಗೆ ಇದು ದೇಶದ ಪ್ರಮುಖ ಮರದ ಬಂದರುಗಳಲ್ಲಿ ಒಂದಾಗಿತ್ತು. ಹಲಗೆಗಳನ್ನು ಒಟ್ಟಲು ನೆಲ ಸಾಲದಾದಾಗ ನೀರಿಗೇ ಮಣ್ಣು ತುಂಬಿ ದಡವನ್ನು ಮುಂದಕ್ಕೆ ಚಾಚಲಾಯಿತು. ಮುಂದಿನ ವಿವಾದದ ಬೇರು ಇಲ್ಲಿದೆಯೆಂಬುದನ್ನು ಗಮನಿಸಬೇಕು. ಶತಮಾನದ ಕೊನೆಗೆ ಆಮದು ಸುಂಕವೇರಿ ಮರದ ವ್ಯಾಪಾರ ಕುಸಿಯಿತು. ತರುವಾಯ ಎಣ್ಣೆಯ ತೊಟ್ಟಿಗಳು, ರೈಲು ಅಂಗಳ, ಕಲ್ಲಿದ್ದಲಿನ ಮೊರಾನ್ ವಿದ್ಯುತ್ ಸ್ಥಾವರ ದಡವನ್ನು ಆವರಿಸಿದವು. ಊರವರಿಗೆ ನೀರು ಕಾಣುತ್ತಿತ್ತು, ದಡ ನಿಲುಕುತ್ತಿರಲಿಲ್ಲ.

1981ರಲ್ಲಿ ಮೇಯರ್ ಆದ ಬರ್ನಿ ಸ್ಯಾಂಡರ್ಸ್ ದಡವನ್ನು ಜನರಿಗೆ ತೆರೆಯುವ ಮಾತನಾಡಿದ್ದರು. ಆದರೂ ಹೋಟೆಲು, ವಸತಿ ಕಟ್ಟಡಗಳನ್ನೊಳಗೊಂಡ ಖಾಸಗಿ ಯೋಜನೆಯೊಂದನ್ನು ಅವರೇ ಬೆಂಬಲಿಸಿದರು. 1985ರಲ್ಲಿ ಅದಕ್ಕೆ ಬೇಕಾದ ಸಾಲದ ಪ್ರಸ್ತಾವ ಮತಕ್ಕೆ ಬಂದಾಗ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಿದರೂ ಮೂರನೇ ಎರಡರ ಬಹುಮತ ದೊರೆಯಲಿಲ್ಲ. ಆ ಸೋಲು ಪಟ್ಟಣಕ್ಕೆ ಒಳಿತನ್ನೇ ಮಾಡಿತೆನ್ನಬೇಕು.

ಏಕೆಂದರೆ 1989ರಲ್ಲಿ ವರ್ಮಾಂಟಿನ ಸರ್ವೋಚ್ಚ ನ್ಯಾಯಾಲಯವು ಮಣ್ಣು ತುಂಬಿದ ನೆಲವೂ ‘ಸಾರ್ವಜನಿಕ ನ್ಯಾಸ’ಕ್ಕೆ ಒಳಪಟ್ಟುದೆಂದು ತೀರ್ಪಿತ್ತಿತು. ರೈಲ್ವೆ ಕಂಪನಿಯ ಒಡೆತನ ಸಾರ್ವಜನಿಕ ಉಪಯೋಗದ ಷರತ್ತಿಗೆ ಬದ್ಧವಾಯಿತು. ನೀರಿಳಿದ ನೆಲವನ್ನೂ ಕೆರೆಯ ಭಾಗವಾಗಿಯೇ ಎಣಿಸುವ ‘ಕೆರೆಯಂಗಳ’ ಎಂಬ ನಮ್ಮ ಪದದ ಅರ್ಥಕ್ಕೆ ಇದು ಬಹಳ ಹತ್ತಿರದ್ದು. ಭಾರತದ ಸುಪ್ರೀಂ ಕೋರ್ಟು 1996ರಲ್ಲಿ ಬಿಯಾಸ್ ನದಿದಡದ ವಿಹಾರಧಾಮವೊಂದರ ಪ್ರಕರಣದಲ್ಲಿ ಇದೇ ತತ್ತ್ವವನ್ನು ಅಂಗೀಕರಿಸಿತು. ಅಲ್ಲಿ ಅದನ್ನು ಪ್ರಯೋಗಿಸಿದ್ದು ಪ್ರವಾಸೋದ್ಯಮದ ವಿರುದ್ಧ.

ಬರ್ಲಿಂಗ್ಟನ್ನಿನ ದಡದಲ್ಲಿ ಈಗ ಉದ್ಯಾನವಿದೆ, ಹಳೆಯ ರೈಲು ಹಾದಿಯ ಮೇಲೆ ಸೈಕಲ್ ಪಥವಿದೆ. ಪ್ರವಾಸಿಗರಿಗೂ ಊರವರಿಗೂ ಅಲ್ಲಿ ಪ್ರವೇಶಶುಲ್ಕವಿಲ್ಲ. 1986ರಲ್ಲಿ ಮುಚ್ಚಿದ ಮೊರಾನ್ ಸ್ಥಾವರ ಮೂರು ದಶಕಕ್ಕೂ ಹೆಚ್ಚು ಕಾಲ ಪಾಳುಬಿದ್ದಿತ್ತು; ಈಚೆಗೆ ಅದರ ಗೋಡೆಗಳನ್ನು ಕಳಚಿ ಉಕ್ಕಿನ ಹಂದರವನ್ನಷ್ಟೇ ಉಳಿಸಿಕೊಳ್ಳಲಾಗಿದೆ.